ಗದೆಗೆ ಯಾವ ಅಂಟು, ಮುಖವಾಡಕ್ಕೆ ಯಾವ ಅಂಟು?

ರಾಜ್ಯೋತ್ಸವದ ನಾಟಕ ಹತ್ರ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ನ ಯಾವುದಾದರೂ ಒಂದು ರೂಮು ಕಾರ್ಖಾನೆ ಆಗ್ಬಿಡುತ್ತೆ. ಹೋದ ವರ್ಷ ನರಸಿಂಹನ ಮುಖವಾಡವನ್ನು ಪ್ರದರ್ಶನದ ಹಿಂದಿನ ರಾತ್ರಿ ಒಂದು ಗಂಟೆಗೆ ಅಂಟಿಸಿ ಮುಗಿಸಿದೆವು. ಮಾರನೇ ದಿನ ಅದನ್ನು ಹಾಕಿಕೊಂಡ ಗೆಳೆಯ ಕಂಬದಿಂದ ಹೊರಗೆ ಬಂದು ಎರಡು ಮಾತು ಆಡುವಷ್ಟರಲ್ಲಿ ಕಣ್ಣಲ್ಲಿ ನೀರು, ತಲೆಸುತ್ತು. ಘರ್ಜನೆ ಬರಬೇಕಾದ ಕಡೆ ಕೆಮ್ಮು ಬಂತು. ಸಭಿಕರು ನಕ್ಕರು, ಅವನು ಗ್ರೀನ್ ರೂಮಿಗೆ ಹೋಗಿ ವಾಂತಿ ಮಾಡಿಕೊಂಡ. ಅಂಟು ಮಾತ್ರ ಚೆನ್ನಾಗಿಯೇ ಹಿಡಿದಿತ್ತು, ಇವತ್ತಿಗೂ ಬಿಟ್ಟಿಲ್ಲ.

ಅಂಟು ‘ಸೇಫಾ?’ ಅಂತ ಕೇಳುವಾಗ ಯಾರಿಗೆ ಸೇಫು ಅನ್ನೋದನ್ನೂ ಕೇಳಬೇಕು. ಫೋಮ್ ಕರಗಬಾರದು. ಅಂಟಿಸುವವರ ತಲೆ ತಿರುಗಬಾರದು, ಬೆಂಕಿ ಹತ್ತಬಾರದು. ಮರುದಿನ ಅದರೊಳಗೆ ಮುಖ ಇಟ್ಟು ಉಸಿರಾಡುವವನಿಗೆ ಏನೂ ಆಗಬಾರದು. ನಾವು ಮೊದಲನೆಯದನ್ನು ಮಾತ್ರ ನೋಡಿದ್ದೆವು.

ಮೊದಲು ಕೈಯಲ್ಲಿರೋದು ಯಾವ ಫೋಮ್ ಅಂತ ತಿಳ್ಕೊಳ್ಳಿ. ಅಂಗಡಿಯಲ್ಲಿ ‘ಫೋಮ್’ ಅಂದ್ರೆ ಮೂರು ಬೇರೆ ಬೇರೆ ವಸ್ತು ಕೊಡ್ತಾರೆ. ಹಾಸಿಗೆ, ಸೋಫಾದೊಳಗಿನ ಯು-ಫೋಮ್ ಪಾಲಿಯುರೆಥೇನ್. ಅದರ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ನೀರಲ್ಲಿ ಹಿಂಡಿದರೆ ಕುಡಿಯುತ್ತೆ. ಮಕ್ಕಳ ಆಟದ ಮ್ಯಾಟ್, ಕ್ರಾಫ್ಟ್ ಶೀಟ್‌ಗಳು ಹೆಚ್ಚಾಗಿ ಇವಿಎ. ಅದರ ರಂಧ್ರಗಳು ಮುಚ್ಚಿರುತ್ತವೆ, ನೀರು ಹೊರಗೇ ಜಾರಿಹೋಗುತ್ತೆ. ಮೂರನೆಯದು ಥರ್ಮೋಕೋಲ್, ಅಂದರೆ ಪಾಲಿಸ್ಟೈರೀನ್. ಟಾಲ್ಯೂಯಿನ್, ಅಸಿಟೋನ್, ಪೆಟ್ರೋಲ್ ಯಾವುದು ತಾಗಿದರೂ ಇದು ಐಸ್ ಕ್ರೀಮಿನ ಹಾಗೆ ಕುಸಿಯುತ್ತೆ. ಅನುಮಾನ ಇದ್ದರೆ ಒಂದು ಚೂರಿಗೆ ಅಂಟು ಹಚ್ಚಿ ಹತ್ತು ನಿಮಿಷ ನೋಡಿ. ಸುಟ್ಟು ನೋಡೋ ಪರೀಕ್ಷೆ ಮಾತ್ರ ಬೇಡ. ಪಾಲಿಯುರೆಥೇನ್ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರಬಹುದು.

ಇನ್ನು ಅಂಟು. ಬಿಳಿ ಫೆವಿಕಾಲ್ ನೀರು ಆರಿದ ಮೇಲೆ ಗಟ್ಟಿಯಾಗುವ ಅಂಟು. ಎರಡು ಇವಿಎ ಶೀಟ್‌ಗಳ ನಡುವೆ ನೀರು ಹೋಗೋಕೆ ದಾರಿಯೇ ಇಲ್ಲ, ಮೂರು ದಿನ ಬಿಟ್ಟು ನೋಡಿದರೂ ಹಸಿಯಾಗೇ ಇರುತ್ತೆ. ಥರ್ಮೋಕೋಲ್ ಮೇಲೆ ಬಟ್ಟೆ ಅಥವಾ ಕಾಗದ ಅಂಟಿಸೋಕೆ ಅದೇ ಸರಿ. ಫೆವಿಕ್ವಿಕ್ ಥರದ ಸಯನೋಅಕ್ರಿಲೇಟ್ ಸೆಕೆಂಡಿನಲ್ಲಿ ಹಿಡಿಯುತ್ತೆ, ಆದರೆ ಗಾಜಿನ ಹಾಗೆ ಪೆಡಸಾಗುತ್ತೆ. ಗದೆ ಎರಡು ಸಲ ಬಾಗಿದರೆ ಜೋಡಣೆ ಬಿರುಕು. ಮೇಲಾಗಿ ಹತ್ತಿ ಬಟ್ಟೆ ಮೇಲೆ ಜಾಸ್ತಿ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿ ಏಳುತ್ತೆ. ಕಾಟನ್ ಗ್ಲೌಸ್ ಹಾಕ್ಕೊಂಡು ಈ ಅಂಟು ಮುಟ್ಟಬೇಡಿ. ಗ್ಲೂ ಗನ್‌ನಲ್ಲಿ ದ್ರಾವಕ ಇಲ್ಲ, ಅದು ದೊಡ್ಡ ಲಾಭ. ಕಡಿಮೆ ತಾಪದ ಗನ್ ಆದರೆ ಥರ್ಮೋಕೋಲ್‌ಗೂ ನಡೆಯುತ್ತೆ. ಆದರೆ ಬಿಸಿಲಲ್ಲಿ ನಿಂತ ಬಸ್ಸಿನ ಡಿಕ್ಕಿಯಲ್ಲಿ ಅದೇ ಅಂಟು ಮೆತ್ತಗಾಗಿ ರಾವಣನ ತಲೆಗಳು ಜಾರಬಹುದು.

ಕೊನೆಗೆ ಎಲ್ಲರೂ ಹೋಗಿ ನಿಲ್ಲೋದು ಹಳದಿ ಅಂಟಿನ ಹತ್ತಿರ. ಚಪ್ಪಲಿ ಹೊಲಿಯೋರು, ಸೋಫಾ ಕೆಲಸದವರು ಬಳಸೋ ಈ ಕಾಂಟ್ಯಾಕ್ಟ್ ಅಂಟನ್ನು ನಮ್ಮ ಕಡೆ ‘ಸೊಲ್ಯೂಷನ್’ ಅಂತಲೇ ಕೇಳಿ ತರೋದು. ಸಾಮಾನ್ಯವಾಗಿ ಪಾಲಿಕ್ಲೋರೋಪ್ರೀನ್ ಎಂಬ ಕೃತಕ ರಬ್ಬರನ್ನು ಟಾಲ್ಯೂಯಿನ್, ಹೆಕ್ಸೇನ್‌ನಂಥ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ಬಾಗುತ್ತೆ, ಬಿಡಲ್ಲ. ಯು-ಫೋಮ್, ಇವಿಎ ಎರಡಕ್ಕೂ ಇದರಷ್ಟು ಒಳ್ಳೆಯದು ಸಿಗೋದು ಕಷ್ಟ. ಗದೆಗೆ ನಾನು ಈಗಲೂ ಇದನ್ನೇ ಹೇಳ್ತೀನಿ.

ಆದರೆ ಎಲ್ಲಿ ಕೂತು ಹಚ್ಚುತ್ತೀರಿ? ಒಂದು ಲೆಕ್ಕ ಮಾಡೋಣ. ರೂಮು 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ. ಒಟ್ಟು 36,000 ಲೀಟರ್ ಗಾಳಿ. ಸೊಳ್ಳೆ ಅಂತ ಬಾಗಿಲು, ಕಿಟಕಿ ಎರಡೂ ಮುಚ್ಚಿದ್ದೀವಿ. ಹಚ್ಚಿದ ಅಂಟಿನಿಂದ 65 ಗ್ರಾಂ ಟಾಲ್ಯೂಯಿನ್ ಆವಿಯಾಯ್ತು ಅಂದ್ಕೊಳ್ಳಿ. ಅಂಟಿನ ತೂಕದಲ್ಲಿ ಬಹುಪಾಲು ದ್ರಾವಕವೇ ಆದ್ದರಿಂದ ಒಂದು ಸಣ್ಣ ಡಬ್ಬಿ ಸಾಕು. ಅಣುತೂಕ 92, ಹಾಗಾಗಿ ಸುಮಾರು 0.7 ಮೋಲ್. 25 ಡಿಗ್ರಿಯಲ್ಲಿ ಒಂದು ಮೋಲ್‌ಗೆ 24.5 ಲೀಟರಿನಂತೆ 17 ಲೀಟರ್ ಆವಿ. ಭಾಗಿಸಿದರೆ ಹತ್ತಿರ ಹತ್ತಿರ 480 ಪಿಪಿಎಂ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ದಿನದ ಸರಾಸರಿಗೆ ಹೇಳುವ ಮಿತಿ 100 ಪಿಪಿಎಂ, ಜೀವಕ್ಕೆ ತಕ್ಷಣ ಅಪಾಯ ಅಂತ ಗುರುತಿಸಿರೋದು 500. ಅಂಟಿಸುವ ರಾತ್ರಿ ನಮಗೆಲ್ಲ ಸುಮ್ಮಸುಮ್ಮನೆ ನಗು ಬರ್ತಿತ್ತಲ್ಲ, ಅದು ನಾಟಕದ ಉತ್ಸಾಹ ಅಂತ ತಿಳಿದಿದ್ದೆವು.

ಬೆಂಕಿಯ ವಿಷಯಕ್ಕೆ ಈ ಸರಾಸರಿ ಲೆಕ್ಕ ನಂಬಬೇಡಿ. ಹೊತ್ತಿಕೊಳ್ಳೋಕೆ ಬೇಕಾದ ಕನಿಷ್ಠ ಪ್ರಮಾಣ ಶೇಕಡಾ 1ರ ಆಸುಪಾಸು, ಇಡೀ ರೂಮಿನಲ್ಲಿ ಅಷ್ಟು ಆಗಲ್ಲ ನಿಜ. ಆದರೆ ಈ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ, ನೆಲದ ಮೇಲೆ ಹರಡಿಕೊಳ್ಳುತ್ತೆ. ಅಂಟಿನ ಡಬ್ಬಿ ಇರೋದು ನೆಲದ ಮೇಲೆ, ಸೊಳ್ಳೆ ಬತ್ತಿ ಇಡೋದೂ ನೆಲದ ಮೇಲೆ. ಟಾಲ್ಯೂಯಿನ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 4 ಡಿಗ್ರಿ, ಅಂದರೆ ನಮ್ಮೂರಿನ ಯಾವ ಚಳಿಯಲ್ಲೂ ಅದು ಹೊತ್ತಿಕೊಳ್ಳೋಕೆ ತಯಾರು. ಬತ್ತಿ ಹಚ್ಚೋ ಬೆಂಕಿಕಡ್ಡಿಯೇ ಸಾಕು. ಹಾಗಾಗಿ ಹಗಲು ಹೊತ್ತಲ್ಲಿ ಟೆರೇಸ್ ಮೇಲೆ ಅಂಟಿಸಿ. ಎನ್-95 ಮಾಸ್ಕ್ ಧೂಳು ತಡೆಯುತ್ತೆ, ಆವಿ ತಡೆಯಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಡ್ಜ್ ಇರೋ ಮಾಸ್ಕೇ ಬೇಕು.

‘ಟಾಲ್ಯೂಯಿನ್ ಇಲ್ಲ’ ಅಂತ ಲೇಬಲ್ ಇದ್ದರೆ ನಿಶ್ಚಿಂತೆಯಾ? ಇಲ್ಲ, ಬದಲಿಗೆ ಏನಿದೆ ಅಂತ ನೋಡಬೇಕು. ಹಿಂದೆ ಇಂಥ ಅಂಟುಗಳಲ್ಲಿ ಬೆಂಜೀನ್ ಇರ್ತಿತ್ತು. ಇಸ್ತಾಂಬುಲ್‌ನ ಚಪ್ಪಲಿ ಕೆಲಸಗಾರರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿರೋದನ್ನು ವೈದ್ಯ ಮುಜಾಫರ್ ಅಕ್ಸೋಯ್ 1974ರಲ್ಲಿ ಪ್ರಕಟಿಸಿದರು. ಎನ್-ಹೆಕ್ಸೇನ್ ಇದ್ದ ಅಂಟು ಬಳಸಿ ಮನೆಯಲ್ಲೇ ಚಪ್ಪಲಿ ಮಾಡುತ್ತಿದ್ದ ಜಪಾನಿನ ಕೆಲಸಗಾರರಿಗೆ 1960ರ ದಶಕದಲ್ಲಿ ಕೈಕಾಲಿನ ನರಗಳೇ ದುರ್ಬಲವಾದವು. ಅವರು ದಿನಾ ಮಾಡ್ತಿದ್ದರು, ನಾವು ವರ್ಷಕ್ಕೊಮ್ಮೆ ಮಾಡೋದು, ಅಷ್ಟು ಹೆದರಬೇಕಿಲ್ಲ. ಆದರೂ ಅಂಟಿನ ಸೇಫ್ಟಿ ಡೇಟಾ ಶೀಟ್ ಡೌನ್‌ಲೋಡ್ ಮಾಡಿ 3ನೇ ವಿಭಾಗ ಓದಿ. ಒಳಗೆ ಏನಿದೆ ಅನ್ನೋದು ಅಲ್ಲಿ ಬರೆದಿರುತ್ತೆ, ಎರಡು ನಿಮಿಷದ ಕೆಲಸ.

ಈಗ ನಮ್ಮ ನರಸಿಂಹನಿಗೆ ಏನಾಯ್ತು ಅಂತ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರೋವರೆಗೆ ಹತ್ತು ಹದಿನೈದು ನಿಮಿಷ ಕಾದು, ಆಮೇಲೆ ಒತ್ತಬೇಕು. ದ್ರಾವಕ ಹೊರಗೆ ಹೋಗಲಿ ಅಂತಲೇ ಈ ಕಾಯುವಿಕೆ. ನಾವು ಅವಸರಕ್ಕೆ ದಪ್ಪಗೆ ಬಳಿದು, ಹಸಿಯಾಗಿದ್ದಾಗಲೇ ಒತ್ತಿಬಿಟ್ಟೆವು. ಒಳಗೆ ಸಿಕ್ಕಿಕೊಂಡ ದ್ರಾವಕ ಮರುದಿನ ಇಡೀ ದಿನ ನಿಧಾನಕ್ಕೆ ಹೊರಬರ್ತಾ ಇತ್ತು. ಸ್ಟೇಜ್ ಲೈಟಿನ ಬಿಸಿ, ಮುಖದ ಬಿಸಿ ಸೇರಿ ಇನ್ನೂ ಬೇಗ ಬಂತು. ಮುಖವಾಡದೊಳಗೆ 36,000 ಲೀಟರ್ ಇಲ್ಲ, ಒಂದೋ ಎರಡೋ ಲೀಟರ್ ಗಾಳಿ, ಅಷ್ಟೇ.

ಮುಖದ ಹತ್ತಿರ ಬರೋ ಯಾವುದಕ್ಕೂ ಈ ವರ್ಷ ನಾವು ನೀರು ಆಧಾರಿತ ಕಾಂಟ್ಯಾಕ್ಟ್ ಅಂಟು ತರಿಸಿದ್ದೀವಿ. ಅದೇ ಜಾತಿಯ ರಬ್ಬರು, ದ್ರಾವಕದ ಬದಲು ನೀರಿನಲ್ಲಿ. ಬೆಲೆ ಜಾಸ್ತಿ, ಆರೋಕೆ ಅರ್ಧ ಗಂಟೆ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ರಬ್ಬರ್ ಲ್ಯಾಟೆಕ್ಸ್ ಅಂಟೂ ಸಿಗುತ್ತೆ, ಆದರೆ ಹಾಕಿಕೊಳ್ಳುವವರಿಗೆ ಲ್ಯಾಟೆಕ್ಸ್ ಅಲರ್ಜಿ ಇದೆಯಾ ಅಂತ ಮೊದಲು ಕೇಳಿ. ಒಳಗಿನ ಬಟ್ಟೆಯ ಅಸ್ತರಿಗೆ ಅಂಟೇ ಬೇಡ, ಸೂಜಿ ದಾರದಲ್ಲಿ ಹೊಲಿದುಬಿಡಿ. ಯಕ್ಷಗಾನದ ಮುಂಡಾಸನ್ನು ನೋಡಿ, ಬಟ್ಟೆ, ಹಗ್ಗ ಸುತ್ತಿ ಬಿಗಿದು ಕಟ್ಟಿದ್ದು ರಾತ್ರಿಯಿಡೀ ಕುಣಿದರೂ ನಿಲ್ಲುತ್ತೆ. ಅಂಟಿಸಿ ಮುಗಿದ ಮೇಲೆ ಮುಖವಾಡವನ್ನು ಎರಡು ಮೂರು ದಿನ ಗಾಳಿಗೆ ನೇತುಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಪಾತ್ರಧಾರಿ ಅದನ್ನು ಹತ್ತು ನಿಮಿಷ ಹಾಕಿಕೊಂಡು ತನ್ನ ಮಾತನ್ನೆಲ್ಲ ಒಮ್ಮೆ ಹೇಳಲಿ. ವಾಸನೆ ಬಂತು ಅಂದರೆ ಇನ್ನೊಂದು ದಿನ ನೇತುಹಾಕಿ.