ಹಸುವಿನ ಫೋಟೋ

ಅಕ್ಕಾ, ನಿಮ್ಮ ಹಸುವಿಗೋ ಎಮ್ಮೆಗೋ ವಿಮೆ ಮಾಡಿಸ್ತೀರಾ? ಹಾಗಾದರೆ ಅದರ ಫೋಟೋ ಬೇಕು. ಬಿಡ್ತು ಅನ್ನಿ, ನಾಳೆ ಹಸು ಸತ್ತರೆ, ಸತ್ತದ್ದು ವಿಮೆ ಮಾಡಿಸಿದ ಹಸುವೇ ಎಂದು ತೋರಿಸಬೇಕು. ಆಗಲೇ ಪರಿಹಾರ. ಕಿವಿಯಲ್ಲಿರುವ ಹಳದಿ ಓಲೆಯೇ ಅದರ ಗುರುತು. ಓಲೆಯ ಮೇಲೆ 12 ಅಂಕಿ ಇರುತ್ತವೆ.

ಮೊದಲು ಓಲೆಯ ಕೊಳೆ ಒರೆಸಿ. ಹಸುವನ್ನು ಹೊರಗೆ ತನ್ನಿ. ಕೊಟ್ಟಿಗೆಯ ಕತ್ತಲಲ್ಲಿ ಕರಿ ಎಮ್ಮೆಯಂತೂ ಕಾಣೋದೇ ಇಲ್ಲ! ಬೆಳಗಿನ ಬಿಸಿಲು ಒಳ್ಳೇದು. ಸೂರ್ಯ ನಿಮ್ಮ ಬೆನ್ನಿಗಿರಲಿ. ಒಬ್ಬರು ಹಗ್ಗ ಹಿಡಿದು, ಒಂದು ಹಿಡಿ ಹುಲ್ಲು ತೋರಿಸಲಿ. ಆಗ ಹಸು ತಲೆ ಎತ್ತಿ ನಿಲ್ಲುತ್ತೆ. ನೀವು ಪಕ್ಕದಲ್ಲಿ, ಒದೆ ತಾಗದಷ್ಟು ದೂರ ನಿಲ್ಲಿ. ಮೊಬೈಲನ್ನು ಹಸುವಿನ ಹೊಟ್ಟೆಯ ಮಟ್ಟಕ್ಕೆ ಹಿಡಿಯಿರಿ. ಮೂತಿಯಿಂದ ಬಾಲದವರೆಗೆ ಪೂರ್ತಿ ಬರಬೇಕು. ಆಮೇಲೆ ಹತ್ತಿರ ಹೋಗಿ ಓಲೆಯದೇ ಇನ್ನೊಂದು ಫೋಟೋ ತೆಗೀರಿ.

ಫೋಟೋದಲ್ಲಿ ಅಂಕಿಗಳನ್ನು ಓದಿ. ಯಾರನ್ನೂ ಕೇಳೋದು ಬೇಡ, ಈಗ ನಿಮಗೇ ಓದೋಕೆ ಬರುತ್ತೆ. ವಿಮೆ ಕಾಗದದಲ್ಲೂ ಅದೇ ಅಂಕಿಗಳು ಇವೆಯಾ? ಒಂದು ಅಂಕಿ ತಪ್ಪಿದ್ದರೂ ಕೂಡಲೇ ತಿದ್ದಿಸಿ. ಓಲೆ ಬಿದ್ದುಹೋದರೆ ಪಶು ಆಸ್ಪತ್ರೆಗೆ ಹೇಳಿ ಹೊಸದು ಹಾಕಿಸಿ. ಹೊಸ ಫೋಟೋ ತೆಗೆದು, ಹೊಸ ಸಂಖ್ಯೆಯನ್ನು ವಿಮೆಯವರಿಗೂ ತಿಳಿಸಿ.

ನೋಡಿ ಬರೆಯಿರಿ: ನಮ್ಮ ಹಸುವಿನ ಓಲೆಯ ಸಂಖ್ಯೆ ........................