ಹಲ್ಲಿನ ಬಿಳುಪು

ಹಲ್ಲು ಬೆಳ್ಳಗಿರಬೇಕೆಂಬ ಆಸೆ ಎಲ್ಲರಿಗೂ ಉಂಟು. ಸಂದರ್ಶನಕ್ಕೆ ಹೊರಟ ಪದವೀಧರನಿಗೆ ಅದು ತುಸು ಹೆಚ್ಚೇ ಇರುತ್ತದೆ. ಆದರೆ ಹಲ್ಲಿಗೆ ಆ ಬಣ್ಣ ಏಕೆ ಬಂದಿತೆಂದು ವಿಚಾರಿಸುವ ಮೊದಲೇ ನಾವು ಉಜ್ಜಲು ತೊಡಗುತ್ತೇವೆ.

ಹಲ್ಲಿನ ಮೇಲ್ಪದರವನ್ನು ಎನಾಮಲ್ ಎನ್ನುತ್ತಾರೆ. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಪಾಲು ಖನಿಜವೇ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತುವಿಲ್ಲ. ಆದರೆ ಒಮ್ಮೆ ಸವೆದರೆ ಮತ್ತೆ ಬೆಳೆಯದು. ಅದರ ಕೆಳಗಿನ ಡೆಂಟಿನ್ ಪದರದ ಸಹಜವಾದ ಬಣ್ಣವೇ ಹಳದಿ. ಇದ್ದಲು, ಇಟ್ಟಿಗೆಪುಡಿ, ಹರಳುಪ್ಪುಗಳಿಂದ ತಿಕ್ಕಿದರೆ ಮೇಲಿನ ಕರೆ ಹೋಗಿ ಹಲ್ಲು ಕೆಲವು ದಿನ ಹೊಳೆಯುವುದು ನಿಜ. ವರ್ಷಗಟ್ಟಲೆ ತಿಕ್ಕಿದರೆ ಎನಾಮಲ್ ತೆಳುವಾಗಿ ಒಳಗಿನ ಹಳದಿಯೇ ಹೊರಗೆ ಕಾಣುತ್ತದೆ. ಅದನ್ನು ಕಂಡು ಆತ ಇನ್ನೂ ಬಲವಾಗಿ ಉಜ್ಜುತ್ತಾನೆ! ಅಂದವಾದ ಡಬ್ಬಿಯಲ್ಲಿ ಬರುವ ಇದ್ದಲಿನ ಪುಡಿಯೂ ಅಜ್ಜಿಯ ಒಲೆಯ ಇದ್ದಲಿಗಿಂತ ಬೇರೆಯಲ್ಲ, ಬೆಲೆಯೊಂದನ್ನು ಬಿಟ್ಟು. ನಿಂಬೆರಸವಂತೂ ಹುಳಿಯಿಂದಲೇ ಎನಾಮಲನ್ನು ಕರಗಿಸುತ್ತದೆ.

ಕಾಫಿ, ಟೀ, ಎಲೆಅಡಿಕೆ, ಹೊಗೆಸೊಪ್ಪುಗಳ ಕರೆ ಹಲ್ಲಿನ ಹೊರಗಿನದು. ದಂತವೈದ್ಯರಲ್ಲಿ ಒಮ್ಮೆ ಶುಚಿ ಮಾಡಿಸಿಕೊಂಡರೆ ಅದರ ಬಹುಪಾಲು ಹೋಗುತ್ತದೆ. ಹೀಗೆ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತಿಗೆ ಆಧಾರವಿಲ್ಲ.

ಹಲ್ಲಿನ ಸಹಜ ಬಣ್ಣವೇ ಹಳದಿಯಾಗಿದ್ದರೆ ಉಜ್ಜಿ ಫಲವಿಲ್ಲ. ಅದಕ್ಕೆ ಪೆರಾಕ್ಸೈಡ್ ಎಂಬ ರಾಸಾಯನಿಕವೇ ಬೇಕು. ಅದು ಎನಾಮಲಿನ ಮೂಲಕ ಒಳಹೊಕ್ಕು ಬಣ್ಣದ ಕಣಗಳನ್ನು ಒಡೆಯುತ್ತದೆ. ವೈದ್ಯರು ಹಲ್ಲಿನ ಅಚ್ಚು ತೆಗೆದು, ಅದಕ್ಕೊಪ್ಪುವ ತೆಳುವಾದ ತಟ್ಟೆ ಮಾಡಿ, ಅದರಲ್ಲಿ ಶೇಕಡ 10ರ ಕಾರ್ಬಮೈಡ್ ಪೆರಾಕ್ಸೈಡ್ ಲೇಪವನ್ನು ಕೊಡುತ್ತಾರೆ. 1989ರಲ್ಲಿ ಅಮೆರಿಕದ ಹೇವುಡ್ ಮತ್ತು ಹೇಮನ್ ಎಂಬ ದಂತವೈದ್ಯರು ಪ್ರಕಟಿಸಿದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ರಾತ್ರಿ ಧರಿಸಿ ಮಲಗಿದರೆ ಎರಡು ಮೂರು ವಾರಗಳಲ್ಲಿ ಫಲ ಕಾಣುತ್ತದೆ. ನಡುವೆ ಹಲ್ಲು ಜುಮ್ಮೆನ್ನಬಹುದು; ಸಾಮಾನ್ಯವಾಗಿ ಅದು ತಾನಾಗಿ ಶಮನವಾಗುತ್ತದೆ. ಹುಳುಕು ಹಲ್ಲಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ತುಂಬಿಸಿದ ಹಲ್ಲಿನ ಸಿಮೆಂಟು ಮಾತ್ರ ಬಿಳುಪಾಗದು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗಗಳ ಬಯಲುಸೀಮೆಯವರಾದ ನಮಗೆ ಬೇರೊಂದು ಕಾರಣವೂ ಉಂಟು. ಅಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ನೀರಿಲ್ಲದೆಡೆ 1.5. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ ಮಿತಿಮೀರಿದ ನೀರು ಕುಡಿದವರ ಎನಾಮಲ್ ದೋಷದೊಡನೆಯೇ ಹುಟ್ಟುತ್ತದೆ; ಕಂದುಪಟ್ಟೆಗಳು ಆಮೇಲೆ ಮೂಡುತ್ತವೆ. ಇದು ಕೊಳೆಯಲ್ಲ, ಶುಚಿಯ ಅಭಾವವೂ ಅಲ್ಲ. ಆದರೂ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಗೆಳೆಯರು ನಮ್ಮ ತರಗತಿಯಲ್ಲಿಯೇ ಇದ್ದಾರೆ. ಹಲ್ಲುಜ್ಜದವರೆಂಬ ಹಾಸ್ಯಕ್ಕೂ ಗುರಿಯಾಗುತ್ತಾರೆ. ಇಟ್ಟಿಗೆಪುಡಿ ಹಿಡಿಯುವವರೂ ಹೆಚ್ಚಾಗಿ ಇವರೇ. ಕಲೆ ತಿಳಿಯಾಗಿದ್ದರೆ ವೈದ್ಯರು ಎನಾಮಲಿನ ಅತಿ ತೆಳುವಾದ ಪದರವನ್ನು ಅಳತೆಯಿಂದ ಉಜ್ಜಿ ತೆಗೆದು, ಬೇಕಾದರೆ ಮೇಲೆ ಹೇಳಿದ ಲೇಪವನ್ನೂ ಬಳಸುತ್ತಾರೆ. ದಟ್ಟವಾಗಿದ್ದರೆ ಹಲ್ಲಿನ ಬಣ್ಣದ ಲೇಪವನ್ನು ಅಂಟಿಸುತ್ತಾರೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ಖರ್ಚು ಖಾಸಗಿ ವೈದ್ಯರಲ್ಲಿಗಿಂತ ಕಡಿಮೆ.

ಮನೆಯಲ್ಲಿ ಎಂಟು ವರ್ಷದೊಳಗಿನ ತಮ್ಮತಂಗಿಯರಿದ್ದರೆ ನೀರನ್ನು ಪರೀಕ್ಷೆ ಮಾಡಿಸಬೇಕು. ಕುದಿಸಿದರೆ ಫ್ಲೋರೈಡ್ ಹೋಗದು; ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಮಳೆಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.