ತಂಡದ ರಚನೆ: ಬೆಲ್ಬಿನ್ನನ ಸಿದ್ಧಾಂತ

ಬ್ರಿಟನ್ನಿನ ಸಂಶೋಧಕನಾದ ಮೆರೆಡಿತ್ ಬೆಲ್ಬಿನ್ನನು ಹೆನ್ಲಿಯ ಆಡಳಿತ ಶಿಕ್ಷಣ ಕಾಲೇಜಿನಲ್ಲಿ, ವ್ಯಾಪಾರಸ್ಪರ್ಧೆಯ ಆಟಗಳಲ್ಲಿ ತೊಡಗಿದ ತಂಡಗಳನ್ನು ಹಲವು ವರ್ಷ ಅವಲೋಕಿಸಿ ರಚಿಸಿದ ಗ್ರಂಥವು 1981ರಲ್ಲಿ ಪ್ರಕಟವಾಯಿತು. ಬುದ್ಧಿಪರೀಕ್ಷೆಗಳಲ್ಲಿ ಅಗ್ರಗಣ್ಯರಾದವರನ್ನೇ ಆಯ್ದು ಕೂಡಿಸಿದ ತಂಡಗಳು, ಗೆಲುವು ಅವುಗಳದೇ ಎಂಬ ನಿರೀಕ್ಷೆಯನ್ನು ಹುಸಿಗೊಳಿಸಿ, ಪದೇ ಪದೇ ಹಿಂದೆ ಬಿದ್ದುದು ಆತನ ಅತ್ಯಂತ ಸ್ವಾರಸ್ಯಕರವಾದ ಶೋಧ. ಪ್ರತಿಯೊಬ್ಬನೂ ಇತರರ ವಾದದ ದೋಷವನ್ನೆತ್ತಿ ತೋರಿಸುವುದರಲ್ಲಿ ನಿಷ್ಣಾತನಾಗಿದ್ದರೂ ಯಾರೊಬ್ಬನೂ ತನ್ನ ಮತವನ್ನು ಬಿಟ್ಟುಕೊಡಲೊಲ್ಲದೆ, ಚರ್ಚೆಯಲ್ಲಿಯೇ ಕಾಲವು ಕಳೆದು, ತುರ್ತಿನ ಕಾರ್ಯಗಳು ಹಾಗೆಯೇ ಉಳಿದುಬಿಡುತ್ತಿದ್ದುವು. ಇದಕ್ಕೆ ‘ಅಪೋಲೋ ಸಿಂಡ್ರೋಮ್’ ಎಂದು ಹೆಸರು. ಎಲ್ಲರೂ ಪಲ್ಲಕ್ಕಿಯನ್ನೇರಿದರೆ ಹೊರುವವರಾರೆಂಬ ನಮ್ಮ ಮಾತು ಇಲ್ಲಿಗೂ ಒಪ್ಪುವುದು.

ನೂತನ ಕಲ್ಪನೆಯನ್ನು ನೀಡುವವನು, ಅದನ್ನು ತೂಗಿ ನೋಡುವವನು, ಭಿನ್ನಾಭಿಪ್ರಾಯಗಳನ್ನು ಸಮನ್ವಯಗೊಳಿಸುವವನು, ಕೊನೆಯ ಲೋಪವನ್ನೂ ತಿದ್ದಿ ಕೆಲಸ ಮುಗಿಸುವವನು, ಹೀಗೆ ಪರಸ್ಪರ ಪೂರಕರಾದ ಭಿನ್ನಸ್ವಭಾವದವರು ಕೂಡಿದ ತಂಡವೇ ಮೇಲೆಂದು ಬೆಲ್ಬಿನ್ನನ ನಿರ್ಣಯ. ತಂಡದಲ್ಲಿ ಸದಸ್ಯರು ವಹಿಸುವ ಇಂತಹ ಪಾತ್ರಗಳು ಮೊದಲು 8 ಆಗಿದ್ದು, ಮುಂದೆ ‘ತಜ್ಞ’ನೂ ಸೇರಿ 9 ಆದುವು. ಬ್ರೂಸ್ ಟಕ್‌ಮನ್ನನು 1965ರಲ್ಲಿ ಮಂಡಿಸಿದ ತಂಡವಿಕಾಸದ ಹಂತಗಳೊಡನೆ ಈ ಸಿದ್ಧಾಂತವನ್ನು ಬೆರೆಸಬಾರದು: ಅದು ಕಾಲಕ್ರಮದ ವಿಚಾರ, ಇದು ಸದಸ್ಯರ ವರ್ತನೆಯ ವಿಚಾರ.